ಜುಬೇದಾ ಆಪಾ ಜೊತೆ ಬಸ್ಸು ಹತ್ತಿದ್ದು

ಬಸ್ಸು ಹತ್ತಿದ ಕೂಡಲೇ ಜುಬೇದಾ ಆಪಾ ಡ್ರೈವರನ ಹೆಸರು ಕೇಳುತ್ತಿದ್ದರು. "ಯಾಕ್ರಿ?" ಎಂದು ಅವನು ಗಾಬರಿಯಾದರೆ, "ನಿನ್ನ ಸಲುವಾಗಿ ದುವಾ ಮಾಡಬೇಕಲ್ಲಪ್ಪ. ಹೆಸರಿಲ್ದ ಹ್ಯಾಂಗ ಮಾಡ್ಲಿ?" ಎನ್ನುತ್ತಿದ್ದರು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ, ಆಮೇಲೆ ನನ್ನ ಕಡೆ ತಿರುಗಿ, "ಆತು, ಈಗ ಶೇಂಗಾ ತೆಗಿ" ಎಂದು ಕೈ ಚಾಚುತ್ತಿದ್ದರು.

ಬೀದರಿನ ಚಿದ್ರಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಓಣಿಯ ಹೆಂಗಸರಿಗೆಲ್ಲ ಆಪಾ ಜಂಪರು ಹೊಲಿಯುತ್ತಿದ್ದರು. ನನಗಿಂತ ದೊಡ್ಡವರು, ಅದಕ್ಕೇ 'ಆಪಾ', ಅಂದರೆ ಅಕ್ಕ. ಗೋಡೆಯ ಮೇಲೆ ಪಲ್ಯದ ಬಟ್ಟಲು ಹೋಗಿ ಬರುವಷ್ಟು ಸಲಿಗೆ ಇತ್ತು, ಅದಕ್ಕಿಂತ ಹೆಚ್ಚೇನಿಲ್ಲ.

ಎದೆನೋವೆಂದು ಆಸ್ಪತ್ರೆಗೆ ಹೋದ ನನ್ನ ಗಂಡ ಮರಳಿ ಬರಲಿಲ್ಲ. ನಾನು ಕೊರಳಿನ ಲಿಂಗ ಬಿಚ್ಚಿ ಕಪಾಟಿನಲ್ಲಿಟ್ಟೆ. ಪೂಜೆ ಬಿಟ್ಟೆ, ಹೊಸ್ತಿಲು ದಾಟುವುದನ್ನೂ ಬಿಟ್ಟೆ. ಹೀಗೇ ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಆಪಾ ಬುರ್ಖಾ ತೊಟ್ಟುಕೊಂಡೇ ಒಳಗೆ ಬಂದರು.

"ಔರಾದ ಕಡಿ ಎಕಂಬಾದಾಗ ನಮ್ಮ ಅಕ್ಕನ ಮನಿ ಅದ. ಸೀರಿ ಬದಲ್ಸು, ನಡಿ."

"ನಾ ಎಲ್ಲೂ ಬರಂಗಿಲ್ರಿ ಆಪಾ."

"ಬರ್ತೀ ಏನಂತ ನಿನಗ ಯಾರ ಕೇಳ್ಯಾರ? ನಡಿ."

ಔರಾದ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ಇಬ್ಬರೂ ನಡೆಯತೊಡಗಿದೆವು. ಮಧ್ಯಾಹ್ನದ ನಮಾಜಿನ ಹೊತ್ತಾದಾಗ ಆಪಾ ಬೇವಿನ ಮರದ ಕೆಳಗೆ ದುಪಟ್ಟಾ ಹಾಸಿದರು. ಮುಗಿಸಿ, ಅಲ್ಲೇ ಕೂತು ಕೇಳಿದರು, "ಕೊರಳಾಗ ಲಿಂಗ ಯಾಕಿಲ್ಲ ಶಾರದಾ?"

"ಆ ದೇವ್ರು ನನ್ನ ಮಾತ ಕೇಳ್ಲಿಲ್ರಿ. ನಾ ಇನ್ನ ಅಂವನ ಜೋಡಿ ಯಾಕ ಮಾತಾಡ್ಲಿ?"

ಸಮಾಧಾನ ಹೇಳುತ್ತಾರೆಂದುಕೊಂಡಿದ್ದೆ. ಹೇಳಲಿಲ್ಲ. "ಸಿಟ್ಟ ಮಾಡು. ಬೈ. ಜಗಳಾ ತೆಗಿ. ನನ್ನ ಮಗಾ ಹೋದಾಗ ನಾನೂ ತೆಗದೀನಿ. ಖರೇ, ಮಾತ ಬಿಡಬ್ಯಾಡ."

ಇಷ್ಟು ವರ್ಷ ಗೋಡೆಯ ಈಚೆ ಇದ್ದೂ ಅವರಿಗೊಬ್ಬ ಮಗನಿದ್ದನೆಂಬುದು ನನಗೆ ಗೊತ್ತಿರಲಿಲ್ಲ. ಅವನ ಹೆಸರೇನೆಂದು ಕೇಳಿದೆ. ಹೇಳಿದರು. ಆಮೇಲೆ ಇಬ್ಬರೂ ಅಲ್ಲೇ ಕೂತು ಅತ್ತೆವು.

ಗಂಡನ ಊರು ಭಾಲ್ಕಿ. ಅವರು ತೀರಿ ವರ್ಷ ತುಂಬಿದ ದಿನ ಅಲ್ಲಿಗೆ ಹೋಗಲು ನನಗೆ ಧೈರ್ಯವಿರಲಿಲ್ಲ. ತಮ್ಮ ಮಗನನ್ನು ನಾನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಅತ್ತೆ ಮಾತು ಬಿಟ್ಟಿದ್ದರು. ಆದರೂ ಅಂದು ಲಿಂಗ ಕಟ್ಟಿಕೊಂಡು ಹೊರಟೆ. ಆಪಾ ಜೊತೆಗೆ ಬಂದರು. ಬಾಗಿಲಲ್ಲಿ ನಿಂತ ಅತ್ತೆ ಒಳಗೆ ಬಾ ಎನ್ನಲಿಲ್ಲ. ಆಪಾ ಚಪ್ಪಲಿ ಬಿಡುತ್ತಾ, "ಅವ್ವಾರ, ಬಿಸಿಲಾಗ ಬಂದೀವ್ರಿ. ಬೈಯೋದಿದ್ರ ಒಂದೀಟ ನೀರ ಕೊಟ್ಟ ಬೈರಿ" ಎಂದರು. ಅತ್ತೆ ಒಳಗೆ ಹೋಗಿ ತಂಬಿಗೆ ತಂದರು. ಅದನ್ನು ನನ್ನ ಕಡೆ ಚಾಚಿದರು. ತಂಬಿಗೆಯನ್ನು ಅವರೂ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಆಮೇಲೆ ವರ್ಷಕ್ಕೆರಡು ಸಲವಾದರೂ ಎಲ್ಲಿಗಾದರೂ ಹೊರಡುತ್ತಿದ್ದೆವು. ನನ್ನ ಮಠಕ್ಕೆ ಅವರು, ಅವರ ದರ್ಗಾಕ್ಕೆ ನಾನು.

ಹೋದ ಚಳಿಗಾಲದಲ್ಲಿ ಆಪಾ ಅವರ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಬೇಸಿಗೆಗೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ತುಟಿಗೆ ನೀರು ಸವರುತ್ತಿದ್ದೆ. ಕಣ್ಣು ತೆರೆದು, "ಹೆದರಿಕಿ ಆಗ್ತದ ಶಾರದಾ" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. "ಒಬ್ಬಾಕಿನ ಹೋಗಬೇಕಲ್ಲ."

ಬಾಯಿಗೆ ಬಂದದ್ದನ್ನು ಹೇಳಿದೆ. "ನೀವ ಮುಂದ ಹೋಗಿ ಜಾಗಾ ಹಿಡೀರಿ ಆಪಾ. ನಾ ಹಿಂದ ಬರ್ತೇನಿ."

"ಕಿಡಕಿ ಕಡಿಂದು ನಿನಗ ಇಡ್ತೇನಿ. ಅವಸರ ಮಾಡಬ್ಯಾಡ" ಎಂದರು.

ಎರಡು ದಿನಕ್ಕೆ ಆಪಾ ಹೋದರು, ಜನಾಜಾ ಎದ್ದಿತು. ಅವರ ಅಕ್ಕನ ಜೊತೆ ಬಾಗಿಲಲ್ಲಿ ನಿಂತೆ. ಗಂಡಸರು ಹೆಗಲು ಬದಲಿಸುತ್ತಾ ಓಣಿಯ ತಿರುವು ದಾಟಿದರು. ಮಣ್ಣಿಗೆ ಹೆಂಗಸರು ಬಾಗಿಲಿನಿಂದ ಮುಂದೆ ಹೋಗುವುದಿಲ್ಲ.