ಗಂಡನ ಕಾಲನ್ನು ತುಳಿಯಲಿಲ್ಲ

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಪಾದ ಸೋಕಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದ ಮೇಲೆ ನನ್ನ ಹೆಸರಿಗಿಂತ ನನ್ನ ಎಡಗಾಲೇ ಓಣಿಯಲ್ಲಿ ಹೆಸರುವಾಸಿಯಾಯಿತು. ಸೊಂಟ ಹಿಡಿದವರು, ಮೀನಖಂಡ ಎಳೆದವರು ಬೆಳಿಗ್ಗೆ ಬಂದು ಪಡಸಾಲೆಯಲ್ಲಿ ಬೋರಲು ಮಲಗುತ್ತಿದ್ದರು. ನಾನು ಪಾದಕ್ಕೆ ಎಣ್ಣೆ ಹಚ್ಚಿಕೊಂಡು ತುಳಿದು ಕಳಿಸುತ್ತಿದ್ದೆ. ವಾಸಿಯಾದರೆ ನನ್ನ ಕಾಲ್ಗುಣ ಎನ್ನುತ್ತಿದ್ದರು. ಆಗದಿದ್ದರೆ ಅವರ ಕರ್ಮ. ಅತ್ತೆಗಂತೂ ಇದರಿಂದ ಬಲು ಹೆಮ್ಮೆ.

ಆ ಭಾನುವಾರ ಅದೇ ಪಡಸಾಲೆಯಲ್ಲಿ ನನ್ನ ಗಂಡ ಮಲಗಿದ್ದರು. ಎಡ ಮೀನಖಂಡ ಬಾತು ಕೆಂಪಾಗಿತ್ತು. ಬಟ್ಟೆ ಅಂಗಡಿಯ ಗಾದಿಯ ಮೇಲೆ ದಿನವಿಡೀ ಚಕ್ಕಳಮಕ್ಕಳ ಹಾಕಿ ಕೂರುವವರು, ನರ ಎಳೆದಿರಬೇಕೆಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದರು. ಮೈದುನ ಎಣ್ಣೆ ಬಿಸಿ ಮಾಡಿ ತಂದಿಟ್ಟ.

"ಮನ್ಯಾಗ ಔಷಧ ಇಟ್ಕೊಂಡು ದವಾಖಾನಿ ಯಾಕ? ಜಲ್ದಿ ತುಳಿ, ಆತು," ಎಂದರು ಅತ್ತೆ.

ನಾನು ಕುಳಿತು ಕಾಲು ಮುಟ್ಟಿದೆ. ಸುಡುತ್ತಿತ್ತು. ಇನ್ನೊಂದು ಕಾಲು ತಣ್ಣಗಿತ್ತು. ಆ ಮನೆಯಲ್ಲಿ ನಮ್ಮಿಬ್ಬರ ಹೊರತು ಯಾರಿಗೂ ಗೊತ್ತಿಲ್ಲದ್ದೊಂದಿತ್ತು.

ಅವರು ವರ್ಷದಿಂದ ಗದಗಿನಲ್ಲಿ ಪುರುಷ ಹಾರ್ಮೋನಿನ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ಸದಾ ಸುಸ್ತು ಎನ್ನುತ್ತಿದ್ದವರ ರಕ್ತ ಪರೀಕ್ಷಿಸಿದ ಡಾಕ್ಟರು, ಹಾರ್ಮೋನು ತೀರಾ ಕಡಿಮೆ ಇದೆಯೆಂದು ಶುರು ಮಾಡಿದ್ದು. ಮನೆಯಲ್ಲಿ ವಿಟಮಿನ್ ಎಂದು ಹೇಳಿದ್ದೆವು. "ಗಂಡಸ್ತನದ ಸೂಜಿ ಅಂತ ಬಜಾರದಾಗ ಗೊತ್ತಾದ್ರ ನಾ ಗಾದಿ ಮ್ಯಾಲೆ ಹೆಂಗ ಕುಂಡ್ರಲಿ?" ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಡಾಕ್ಟರು ಇಬ್ಬರಿಗೂ ಬಿಡಿಸಿ ಹೇಳಿದ್ದರು: ಇದರಿಂದ ಕೆಲವರ ರಕ್ತ ಗಟ್ಟಿಯಾಗುತ್ತದೆ, ತಪಾಸಣೆ ತಪ್ಪಿಸಬೇಡಿ, ಒಂದೇ ಕಾಲು ಬಾತರೆ ಅಥವಾ ಉಸಿರು ಕಟ್ಟಿದಂತಾದರೆ ತಕ್ಷಣ ಬನ್ನಿ, ಬಾತ ಕಾಲನ್ನು ತಿಕ್ಕಬೇಡಿ, ಹೆಪ್ಪು ಜಾರಿ ಪುಪ್ಪಸಕ್ಕೆ ಹೋಗಬಹುದು. ನನ್ನ ಗಂಡ ಸೂಜಿ ತಪ್ಪಿಸಲಿಲ್ಲ, ತಪಾಸಣೆಯನ್ನು ಮಾತ್ರ ಮುಂದೂಡುತ್ತಲೇ ಬಂದರು.

"ಇದು ಉಳುಕಲ್ರಿ, ಗದಗಿಗೆ ಹೋಗೂಣು," ಎಂದೆ.

"ಊರ ಮಂದಿಗೆಲ್ಲ ತುಳಿಯಾಕಿ, ಗಂಡಗ ತುಳಿಯಾಕ ಸೊಕ್ಕೇನು ನಿನಗ?" ಅತ್ತೆಯ ದನಿ ಏರಿತು.

ಗಂಡ ನನ್ನತ್ತ ನೋಡಿದರು. ಬಾಯಿ ಬಿಡಬೇಡ ಎಂದಿತ್ತು ಆ ನೋಟ. "ತುಳಿ ಮಾರಾಯ್ತಿ, ಸುಮ್ನ ತುಳಿ," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತರೂ ಸರಿ, ಅವ್ವನಿಗೆ ಗೊತ್ತಾಗಬಾರದು ಎನ್ನುವ ಗಂಡಸಿನ ಜೊತೆ ಹೇಗೆ ಬಾಳುವುದು?

ನಾನು ಅಲುಗದ್ದನ್ನು ನೋಡಿ ಅತ್ತೆಯೇ ಅಂಗೈಗೆ ಎಣ್ಣೆ ಸುರಿದುಕೊಂಡು ಬಗ್ಗಿದರು. ನಾನು ಅವರ ಮಣಿಕಟ್ಟು ಹಿಡಿದೆ. ಮದುವೆಯಾದಂದಿನಿಂದ ಅವರೆದುರು ದನಿ ಎತ್ತಿದವಳಲ್ಲ.

"ತಿಕ್ಕಬ್ಯಾಡ್ರಿ. ಅವರು ತಗೊಳ್ಳೂದು ವಿಟಮಿನ್ ಅಲ್ಲ, ಗಂಡಸರ ಹಾರ್ಮೋನಿನ ಸೂಜಿ. ರಕ್ತ ಹೆಪ್ಪುಗಟ್ಟಿರಬೇಕು. ತಿಕ್ಕಿದ್ರ ಅದು ಜಾರಿ ಪುಪ್ಪಸಕ್ಕ ಹೋದೀತು."

ಅತ್ತೆಯ ಬೆರಳಿನಿಂದ ಎಣ್ಣೆ ಚಾಪೆಗೆ ಇಳಿಯುತ್ತಿತ್ತು. ಮೈದುನ ಗೋಡೆ ನೋಡುತ್ತ ಕಾರು ತರುತ್ತೇನೆಂದು ಹೊರಟ. ಗಂಡ ಕಣ್ಣು ಮುಚ್ಚಿಕೊಂಡರು.

ಕಾರಿನಲ್ಲಿ ದಾರಿಯುದ್ದಕ್ಕೂ ಅವರ ಎದೆ ಏರಿಳಿಯುವುದನ್ನೇ ನೋಡುತ್ತ ಕುಳಿತಿದ್ದೆ. ಗದಗಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, ಹೆಪ್ಪು ಮೊಣಕಾಲಿನ ಮೇಲಕ್ಕೂ ಹಬ್ಬಿದೆ ಎಂದರು. "ಯಾರರ ತಿಕ್ಕಿದ್ರೇನ್ರಿ?" ಎಂದು ಕೇಳಿದರು. ಇಲ್ಲವೆಂದೆ. ಹಾರ್ಮೋನು ನಿಲ್ಲಿಸಿ, ರಕ್ತ ತೆಳುವಾಗುವ ಔಷಧಿ ಶುರು ಮಾಡಿದರು.

ಈಗ ಅವರು ಅಂಗಡಿಗೆ ಹೋಗುತ್ತಾರೆ, ನಡುನಡುವೆ ಎದ್ದು ಓಡಾಡುತ್ತಾರೆ. ನನ್ನೊಂದಿಗೆ ಮಾತು ಮಾತ್ರ ಅಷ್ಟಕ್ಕಷ್ಟೇ. ಮೊನ್ನೆ ಊಟಕ್ಕೆ ಕುಳಿತಾಗ, "ಬ್ಯಾರೆ ಏನರ ಸುಳ್ಳ ಹೇಳಬೇಕಿತ್ತು ನೀ," ಎಂದರು.

"ಬ್ಯಾರೆ ಸುಳ್ಳಿಗೆ ನಿಮ್ಮವ್ವ ಕೈ ತಗೀತಿದ್ದಿಲ್ಲ," ಎಂದೆ.

ಅವರು ಮುಖ ತಿರುಗಿಸಿಕೊಂಡು ತಾಟನ್ನು ನನ್ನತ್ತ ಸರಿಸಿದರು. ನಾನು ಇನ್ನೊಂದು ರೊಟ್ಟಿ ಹಾಕಿದೆ. ಸಿಟ್ಟು ಎಷ್ಟು ದಿನವಾದರೂ ಇರಲಿ, ಸಿಟ್ಟಾಗುವ ಮನುಷ್ಯ ಎದುರಿಗೆ ಕುಳಿತು ಉಣ್ಣುತ್ತಿದ್ದಾರೆ.