ಬಾಯಿ ಮುಚ್ಚಿ ನೆಟ್ಟ ಕಡ್ಡಿಗಳು

ನಂದಗುಡಿಯಿಂದ ಹೊಸಕೋಟೆ ಕಡೆಗೆ ಹೊರಟರೆ ರಸ್ತೆಯ ಎಡಕ್ಕೆ ಹಸಿರು ನೆರಳುಬಲೆ ಹೊದ್ದ ಒಂದು ಚಪ್ಪರ ಸಿಗುತ್ತದೆ. ಚಪ್ಪರ ಕಣ್ಣಿಗೆ ಬೀಳುವ ಮೊದಲೇ ಅದರ ಯಜಮಾನನ ದನಿ ಕಿವಿಗೆ ಬೀಳುತ್ತದೆ. ಅವನು ಕೆಂಪರಾಜ್. ನೀರಿನ ಪೈಪು ತೂತಾದರೆ ಪೈಪಿಗೆ ಬೈಯುತ್ತಾನೆ, ಕೋಳಿ ಕೆದಕಿದರೆ ಕೋಳಿಗೆ, ಯಾರೂ ಸಿಗದಿದ್ದರೆ ಬಿಸಿಲಿಗೆ. ಗುಲಾಬಿ ಗಿಡ ಇದೆಯಾ ಎಂದು ಕಾರಿನಿಂದ ತಲೆ ಹಾಕಿ ಕೇಳಿದವರಿಗಂತೂ ಒಂದು ಪಾಠವೇ ಕಾದಿರುತ್ತದೆ. "ಇದು ಔಷಧಿ ಗಿಡದ ನರ್ಸರಿ ಸ್ವಾಮಿ! ಬೋರ್ಡು ಬರೆಸಿದ್ದು ಯಾರಿಗೆ? ಕಾಗೆಗಾ?"

ಓದು ಏಳನೇ ಕ್ಲಾಸಿಗೆ ನಿಂತಿತು. ಮೇಷ್ಟ್ರ ಜೊತೆ ಜಗಳ. ಆಮೇಲೆ ಹೂವಿನ ಗಿಡ ಬೆಳೆಸುವ ಒಂದು ದೊಡ್ಡ ಪ್ಲಾಸ್ಟಿಕ್ ಮನೆಯಲ್ಲಿ ಹನ್ನೊಂದು ವರ್ಷ ದುಡಿದ. ಅಲ್ಲಿ ಮ್ಯಾನೇಜರ್ ಜೊತೆ ಜಗಳ. ಕೆಲಸ ಬಿಟ್ಟು ಬಂದವನ ಜೇಬಿನಲ್ಲಿ ಏನೂ ಇರಲಿಲ್ಲ, ಬೆರಳುಗಳಲ್ಲಿ ಮಾತ್ರ ಒಂದು ವಿದ್ಯೆ ಇತ್ತು. ಕಡ್ಡಿಗೆ ಬೇರು ಬರಿಸುವ ವಿದ್ಯೆ. ಅಮೃತಬಳ್ಳಿ, ಆಡುಸೋಗೆ, ಹಿಪ್ಪಲಿ, ಮಧುನಾಶಿನಿ, ಯಾವುದೇ ಇರಲಿ, ಪೆನ್ಸಿಲ್ ದಪ್ಪದ ಕಡ್ಡಿ ಕೊಯ್ದು, ಬುಡಕ್ಕೆ ಬೇರುಪುಡಿ ಮುಟ್ಟಿಸಿ, ಚೀಲದಲ್ಲಿ ನೆಟ್ಟರೆ ತಿಂಗಳೊಳಗೆ ಗಿಡ. ಪುಡಿ ಮೂರು ಡಬ್ಬಿಗಳಲ್ಲಿರುತ್ತದೆ. ಎಳೆಯ ಕಡ್ಡಿಗೆ ಒಂದನೇ ನಂಬರು, ಅರೆಬಲಿತದ್ದಕ್ಕೆ ಎರಡು, ಗಟ್ಟಿ ಕಟ್ಟಿಗೆಗೆ ಮೂರು. ಡಬ್ಬಿಯೊಳಗೆ ನೇರವಾಗಿ ಕಡ್ಡಿ ಅದ್ದಿದವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ಮುಚ್ಚಳಕ್ಕೆ ಚಿಟಿಕೆ ಸುರಿದುಕೊಂಡು, ಒತ್ತಿ, ಹೆಚ್ಚಾದದ್ದನ್ನು ಕೊಡವಿ ನೆಡಬೇಕು.

ಮಣ್ಣು ಮಾತ್ರ ಹೆಂಡತಿ ಜ್ಯೋತಿಲಕ್ಷ್ಮಿಯ ಇಲಾಖೆ. ಮೂರು ಪಾಲು ತೆಂಗಿನ ನಾರಿನ ಪುಡಿ, ಎರಡು ಪಾಲು ದಪ್ಪ ಮರಳು, ಒಂದು ಪಾಲು ಸುಟ್ಟ ಭತ್ತದ ಹೊಟ್ಟು. ನೀರು ಚಿಮುಕಿಸಿ ಕಲಸಿ, ಒಂದು ಮುಷ್ಟಿ ತೆಗೆದು ಹಿಂಡುತ್ತಾಳೆ. ಬೆರಳ ಸಂದಿನಿಂದ ಎರಡು ಹನಿ ಬೀಳಬೇಕು. ಮೂರನೆಯದು ಬಿದ್ದರೆ ಮತ್ತೆ ಹರಡಿ ಆರಿಸುತ್ತಾಳೆ. ಗಂಡ ಗೊಬ್ಬರ ಹಾಕು ಎಂದರೆ, "ಹಲ್ಲು ಬರದ ಕೂಸಿಗೆ ಯಾರಾದ್ರೂ ಮುದ್ದೆ ನುಂಗಿಸ್ತಾರಾ? ಬೇರು ಬರ್ಲಿ, ಆಮೇಲೆ ಹಾಕ್ತೀನಿ" ಎಂದು ಬಾಯಿ ಮುಚ್ಚಿಸುತ್ತಾಳೆ. ಅಂದರೆ, ಅರ್ಧ ನಿಮಿಷ ಮುಚ್ಚಿಸುತ್ತಾಳೆ.

ದೀಪಾವಳಿಗೆ ತಿಂಗಳಿದ್ದಾಗ ಒಂದು ಬೆಳಿಗ್ಗೆ ಸೊಣ್ಣಮ್ಮ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಚಪ್ಪರಕ್ಕೆ ಬಂದಳು. ಸೊಣ್ಣಮ್ಮ ಎಂದರೆ ಉಳುಕಿನ ಸೊಣ್ಣಮ್ಮ. ಕಾಲು ಉಳುಕಲಿ, ಕೈ ಹೊರಳಲಿ, ಮಾಲೂರಿನ ಕಡೆಯಿಂದಲೂ ಬೈಕಿನಲ್ಲಿ ಅವಳ ಜಗಲಿಗೆ ಜನ ಬರುತ್ತಾರೆ. ಯಾವುದೋ ಸೊಪ್ಪು ಅರೆದು ಪಟ್ಟು ಹಾಕುತ್ತಾಳೆ, ಕಾಸು ಮುಟ್ಟುವುದಿಲ್ಲ. ಸೊಪ್ಪು ಯಾವುದೆಂದು ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅವಳ ಅತ್ತೆ ಅವಳೊಬ್ಬಳಿಗೇ ತೋರಿಸಿ ಕೊಟ್ಟದ್ದು.

ಸೊಣ್ಣಮ್ಮ ಸೆರಗು ಬಿಚ್ಚಿದಳು. ಇಪ್ಪತ್ತನಾಲ್ಕು ಕಡ್ಡಿ. ಎಲೆ ಒಂದೂ ಇಲ್ಲ. ಎರಡು ತುದಿಯೂ ಒಂದೇ ಸಮ ಕತ್ತರಿಸಿದೆ. ಚಿಗುರೊಡೆಯುವ ಕಣ್ಣುಗಳನ್ನು ಕುಡುಗೋಲಿನಿಂದ ನುಣ್ಣಗೆ ಹೆರೆದಿದೆ. ಸಾಲದೆಂದು ವಾಸನೆಯೂ ಸಿಗದ ಹಾಗೆ ಅರಿಸಿನ, ಬೇವಿನೆಣ್ಣೆ ಸವರಿದೆ.

ಕೆಂಪರಾಜ್ ಒಂದನ್ನು ಎತ್ತಿ ಹಿಡಿದ. "ಏನಮ್ಮಾ ಇದು? ಕಡ್ಡೀನೋ, ಊದುಬತ್ತೀನೋ?"

"ನೆಡು, ಕೇಳ್ಬೇಡ."

"ಯಾವ ಗಿಡ ಅಂತ ಗೊತ್ತಿಲ್ದೆ ಹೆಂಗೆ ನೆಡ್ಲಿ? ತಲೆ ಯಾವ್ದು, ಬುಡ ಯಾವ್ದು?"

"ಎಲ್ರೂ ನಿನ್ನ ಕೈಗುಣ ಕೈಗುಣ ಅಂತಾರೆ. ಅಷ್ಟೂ ಗೊತ್ತಾಗಲ್ವಾ?"

ಆ ಮಾತು ನೆಟ್ಟಗೆ ಹೋಗಿ ನಾಟಿತು. ಕೆಂಪರಾಜ್ ಮುಖ ಕೆಂಪಗಾಯಿತು. "ನನ್ನ ಕೈಲಿ ಕೊಟ್ರೆ ಪೊರಕೆ ಕಡ್ಡಿಗೂ ಬೇರು ಬರಿಸ್ತೀನಿ. ಇಟ್ಟು ಹೋಗು!"

ಹೋಗುವ ಮುನ್ನ ಅವಳು ವಿಷಯ ಹೇಳಿದಳು. ಗಿಡ ಉಳಿದಿರುವುದು ಒಂದೇ. ಅದು ಕೆರೆ ಏರಿಯ ಕಲ್ಲುಕಟ್ಟಿನ ಸಂದಿನಲ್ಲಿದೆ. ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಬುಡ ಸಮೇತ ಕೀಳೋಣವೆಂದರೆ ಬೇರು ಕಲ್ಲಿನೊಳಗೆ. ಮನೆ ಹಿಂದೆ ಎರಡು ಸಲ ಕಡ್ಡಿ ಊರಿದಳು, ಒಣಗಿತು. ದೀಪಾವಳಿ ಕಳೆದ ಮೇಲೆ ಏರಿ ಅಗಲ ಮಾಡುವ ಕೆಲಸ ಶುರು. ಜೆಸಿಬಿ ಬಂದರೆ ಗಿಡವೂ ಹೋಯಿತು, ಅವಳ ಪಟ್ಟೂ ಹೋಯಿತು.

ಕೆಂಪರಾಜ್ ಎಣ್ಣೆ ಒರೆಸಿ, ಮೂರನೇ ನಂಬರಿನ ಪುಡಿ ಮುಟ್ಟಿಸಿ, ಊಹೆಯ ಮೇಲೆ ನೆಟ್ಟ. ಮೇಲೆ ಪ್ಲಾಸ್ಟಿಕ್ ಗೂಡು ಕಟ್ಟಿದ. ಜ್ಯೋತಿಲಕ್ಷ್ಮಿ ನೋಡುತ್ತ ನಿಂತವಳು, "ಕಣ್ಣೇ ಕಿತ್ತಿದ್ದಾರೆ, ಅದು ನೋಡೋದು ಹೆಂಗೆ, ಚಿಗುರೋದು ಹೆಂಗೆ? ವಾಪಸ್ ಕೊಟ್ಟು ಸರಿಯಾಗಿ ತಾ ಅನ್ನಬಾರ್ದಾ?" ಎಂದಳು.

"ನನಗೆ ಹೇಳಿಕೊಡ್ತೀಯಾ?"

ಹದಿನೆಂಟನೇ ದಿನ ಒಂದು ಕಡ್ಡಿ ಎಳೆದು ನೋಡಿದ. ಬುಡ ಕಪ್ಪಗೆ ಕೊಳೆತಿತ್ತು. ಎರಡನೆಯದೂ ಹಾಗೆಯೇ. ಇಪ್ಪತ್ತನಾಲ್ಕನ್ನೂ ಕಿತ್ತು ಸಾಲಾಗಿ ಮಲಗಿಸಿದ. ಆಮೇಲೆ ಹತ್ತಿರದಲ್ಲಿದ್ದ ಸಿಮೆಂಟಿನ ಕುಂಡಕ್ಕೆ ಒಂದು ಒದೆ ಕೊಟ್ಟ. ಕುಂಡಕ್ಕೆ ಏನೂ ಆಗಲಿಲ್ಲ. ಕೆಂಪರಾಜ್‌ನ ಪಾದ ಬೂದುಗುಂಬಳದ ಹಾಗೆ ಊದಿಕೊಂಡಿತು.

ಸೊಣ್ಣಮ್ಮನೇ ಬಂದಳು. ಬರುವಾಗಲೇ ಸೊಪ್ಪು ಅರೆದು ಮುತ್ತುಗದೆಲೆಯಲ್ಲಿ ಕಟ್ಟಿಕೊಂಡಿದ್ದಳು. ಪಟ್ಟು ಹಾಕಿ, ಹಳೇ ಪಂಚೆಯ ತುಂಡು ಸುತ್ತಿದಳು. ತಲೆ ಎತ್ತಲಿಲ್ಲ. ಕೊಳೆತ ಕಡ್ಡಿಗಳ ಸಾಲು ಅವಳ ಕಣ್ಣಿಗೆ ಬಿದ್ದಿತ್ತು.

"ನಿನ್ನ ಕಾಲಿಗೆ ಎರಡು ರೆಂಬೆ ಸೊಪ್ಪು ಖರ್ಚಾಯ್ತು" ಎಂದಳು ಕೊನೆಗೆ. "ಗಿಡದಲ್ಲಿ ಇನ್ನು ಒಂದು ಸಲ ಕೊಯ್ಯೋ ಅಷ್ಟಿದೆ."

ಕೆಂಪರಾಜ್‌ಗೆ ಬೈಯಲು ಯಾರೂ ಸಿಗಲಿಲ್ಲ. ಯೋಚಿಸಿದಷ್ಟೂ ತಪ್ಪು ತನ್ನ ಕಡೆಗೇ ತಿರುಗುತ್ತಿತ್ತು. ಬುಡ ತಿಳಿಯದ ಕಡ್ಡಿಯನ್ನು ಜಂಬಕ್ಕೆ ನೆಟ್ಟವನು ಅವನೇ. "ಸೊಣ್ಣಕ್ಕಾ, ಗಿಡ ಕಣ್ಣಲ್ಲಿ ನೋಡಿ ನಾನೇ ಕೊಯ್ಯಬೇಕು. ಕಣ್ಣಿರೋ ಕಡ್ಡಿ, ಎರಡೆರಡು ಎಲೆ ಬಿಟ್ಟು. ಹಂಗಾದ್ರೆ ಮಾತ್ರ ಆಗುತ್ತೆ" ಎಂದ. ದನಿ ಎಷ್ಟು ಮೆತ್ತಗಿತ್ತೆಂದರೆ ಒಳಗಿದ್ದ ಜ್ಯೋತಿಲಕ್ಷ್ಮಿ ಯಾರು ಬಂದರೆಂದು ಹೊರಗೆ ಇಣುಕಿದಳು.

ಸೊಣ್ಣಮ್ಮ ಪಟ್ಟಿನ ಗಂಟನ್ನು ಇನ್ನೊಂದು ಸಲ ಬಿಗಿ ಮಾಡಿದಳು. "ತೋರಿಸ್ಬೋದು. ಒಬ್ರಿಗೆ ತೋರಿಸ್ಬೋದು ಅಂತ ನಮ್ಮತ್ತೆ ಹೇಳವ್ರೆ. ಆದ್ರೆ ನಿನ್ನ ಕೈಲಿ ಆಗಲ್ಲ."

"ಯಾಕಾಗಲ್ಲ?"

"ಹಿಂದಿನ ಸಂಜೆ ನಾನು ಹೋಗಿ ಗಿಡಕ್ಕೆ ಅರಿಸಿನ ಕುಂಕುಮ ಇಟ್ಟು ಹೇಳಿ ಬರ್ತೀನಿ. ಬೆಳಿಗ್ಗೆ ನನ್ನ ಹೊಸ್ತಿಲು ದಾಟಿದ ಮೇಲೆ, ಕೊಯ್ದಿದ್ದು ಕೆಲಸಕ್ಕೆ ಬರೋವರೆಗೂ ಒಂದು ಮಾತಾಡಂಗಿಲ್ಲ. ನೀನು ನೆಡೋವರೆಗೂ ಅಂತಿಟ್ಕೋ. ಒಂದೇ ಒಂದು ಮಾತು ಆಡಿದ್ರೂ ನಾನು ಕಡ್ಡೀನ ಕೆರೆಗೆ ಎಸೆದು ಮನೆಗೆ ಹೋಗ್ತೀನಿ. ಆಮೇಲೆ ಜೆಸಿಬಿ ಬರ್ಲಿ, ಏನಾದ್ರೂ ಬರ್ಲಿ."

ಒಳಗಿನಿಂದ ಜ್ಯೋತಿಲಕ್ಷ್ಮಿ ನಕ್ಕ ಸದ್ದು ಕೇಳಿತು. "ಅಕ್ಕಾ, ಇವ್ರು ನಿದ್ದೇಲೂ ಬೈತಾರೆ!"

ಕಾಲಿನ ಬಾವು ಇಳಿಯುವಷ್ಟರಲ್ಲಿ ದೀಪಾವಳಿ ಮುಗಿದಿತ್ತು. ಸೋಮವಾರ ಏರಿಗೆ ಯಂತ್ರ ಬರುತ್ತದೆಂದು ಸುದ್ದಿಯಾಯಿತು. ಆ ಸೋಮವಾರವೇ ಬೆಳಕು ಹರಿಯುವ ಹೊತ್ತಿಗೆ ಕೆಂಪರಾಜ್ ಸೊಣ್ಣಮ್ಮನ ಹೊಸ್ತಿಲಲ್ಲಿದ್ದ. ಕೈಯಲ್ಲಿ ಹರಿತ ಮಾಡಿದ ಚಾಕು, ಒದ್ದೆ ಗೋಣಿ. ಬಾಯಲ್ಲಿ ಮುಂಜಾಗ್ರತೆಗೆ ಒಂದು ಇಡೀ ವೀಳ್ಯದೆಲೆ.

ಏರಿಯ ಮೇಲೆ ಅರ್ಧ ದೂರ ನಡೆದು ಸೊಣ್ಣಮ್ಮ ನಿಂತಳು, ಕಲ್ಲುಗಳ ನಡುವೆ ಬೆರಳು ತೋರಿಸಿದಳು. ಕೆಂಪರಾಜ್ ನೋಡಿದ. ಮೂವತ್ತು ವರ್ಷದಿಂದ ಅವನು ಸೈಕಲ್ಲಿನಲ್ಲೂ ಬೈಕಿನಲ್ಲೂ ಪಕ್ಕದಲ್ಲೇ ಹಾದುಹೋಗಿದ್ದ ಬಡಪಾಯಿ ಗಿಡ. ಮೇಕೆ ಕೂಡ ಮೂಸಿ ಮುಂದೆ ಹೋಗುತ್ತಿತ್ತು. 'ಇದಾ!' ಎನ್ನುವ ಮಾತು ಗಂಟಲವರೆಗೆ ಬಂತು. ಸೊಣ್ಣಮ್ಮನ ಕಣ್ಣು ನೋಡಿ ಅದನ್ನು ಕೆಮ್ಮಿಗೆ ತಿರುಗಿಸಿದ.

ತನ್ನ ನೆರಳು ಗಿಡದ ಮೇಲೆ ಬೀಳದ ಹಾಗೆ ಬಗ್ಗಿ, ತೀರ ಬಲಿತದ್ದನ್ನೂ ತೀರ ಎಳೆಯದನ್ನೂ ಬಿಟ್ಟು, ಅರೆಬಲಿತ ರೆಂಬೆಗಳನ್ನೇ ಆರಿಸಿದ. ಬುಡದ ಕಡೆ ಕಣ್ಣಿನ ಕೆಳಗೆ ಓರೆಗೊಯ್ತ, ತಲೆಯ ಕಡೆ ನೇರ ಕೊಯ್ತ. ಇನ್ನು ತಲೆ ಬುಡ ಅದಲುಬದಲಾಗುವ ಮಾತೇ ಇಲ್ಲ. ಮೇಲಿನ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಉಳಿಸಿದ. ಮೂವತ್ತು ಕಡ್ಡಿ ಗೋಣಿಯೊಳಗೆ ಸೇರಿದವು.

ತಿರುಗಿ ಬರುವಾಗ ಏರಿಯ ತುದಿಯಲ್ಲಿ ಕಂಟ್ರಾಕ್ಟರ್ ನರೇಶ್ ಬೈಕಿನಲ್ಲಿ ಎದುರಾದ, ಹಿಂದೆ ಜೆಸಿಬಿ. ರಸ್ತೆ ಕೆಲಸದ ಧೂಳು ನೆರಳುಬಲೆಗೆ ಕೂರುತ್ತದೆಂದು ಹಿಂದಿನ ವಾರವಷ್ಟೇ ಕೆಂಪರಾಜ್ ಅವನ ಮೂರು ತಲೆಮಾರನ್ನು ಜಾಲಾಡಿದ್ದ.

"ಏನ್ ಕೆಂಪಣ್ಣಾ, ಬೆಳಬೆಳಗ್ಗೆ ಸೊಪ್ಪಿನ ವ್ಯಾಪಾರನಾ?" ಎಂದ ನರೇಶ್.

ಕೆಂಪರಾಜ್‌ನ ದವಡೆ ಬಿಗಿಯಿತು.

"ಧೂಳಿಗೆ ಅಷ್ಟು ಕೂಗಾಡ್ದಲ್ಲ, ಇವತ್ತು ನೋಡು ಗುರು, ನಿನ್ನ ನರ್ಸರಿ ಎಲ್ಲಾ ಕೆಂಪು ಮಾಡ್ತೀನಿ!"

ಕೆಂಪರಾಜ್‌ನ ಕಣ್ಣು ಕೆಂಡವಾಯಿತು, ಕಿವಿ ನಡುಗಿತು, ವೀಳ್ಯದೆಲೆಯ ರಸ ಗದ್ದಕ್ಕೆ ಇಳಿಯಿತು. ಮಾತು ಬರಲಿಲ್ಲ. ನರೇಶ್‌ನ ನಗು ನಿಧಾನವಾಗಿ ಆರಿತು. ಬೈಕಿನಿಂದ ಇಳಿದ. "ಅಣ್ಣಾ... ಮನೇಲಿ ಎಲ್ಲಾ ಹುಷಾರಾ? ಅತ್ತಿಗೆ ಚೆನ್ನಾಗವ್ರಾ? ಏನಾದ್ರೂ ಬೈಯಣ್ಣಾ, ಭಯ ಆಗ್ತದೆ."

ಕೆಂಪರಾಜ್ ಮೂಗಿನಿಂದ ಒಂದು ಉಸಿರು ಬಿಟ್ಟು ಮುಂದೆ ನಡೆದ. ಇಬ್ಬರೂ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ನರೇಶ್ ಡ್ರೈವರಿಗೆ ಹೇಳುವುದು ಕೇಳಿಸಿತು, "ಇವತ್ತು ಆ ಕಡೆ ತುದಿಯಿಂದ ಶುರು ಮಾಡ್ಕೊಳ್ಳಪ್ಪ. ಈ ಕಡೆ ಏನೋ ಸರಿ ಇಲ್ಲ."

ಆದರೆ ನಿಜವಾದ ಪರೀಕ್ಷೆ ಇದ್ದದ್ದು ಚಪ್ಪರದಲ್ಲಿ. ಜ್ಯೋತಿಲಕ್ಷ್ಮಿ ಮೂವತ್ತು ಚೀಲ ತುಂಬಿ ಇಟ್ಟು ಸೊಂಟಕ್ಕೆ ಕೈಕೊಟ್ಟು ಕಾಯುತ್ತಿದ್ದಳು. ಗಂಡ ಎರಡನೇ ನಂಬರಿನ ಡಬ್ಬಿ ತೆಗೆದು, ಮುಚ್ಚಳಕ್ಕೆ ಪುಡಿ ಸುರಿದು, ಚೀಲದ ಮಣ್ಣಿನಲ್ಲಿ ಕೋಲಿನಿಂದ ಮೊದಲೇ ಕುಳಿ ಮಾಡಿಕೊಂಡ. ಹಾಗೆ ಮಾಡದೆ ಚುಚ್ಚಿದರೆ ಪುಡಿ ಉಜ್ಜಿಹೋಗುತ್ತದೆ. ಅವನು ಒಂದೊಂದೇ ಕಡ್ಡಿ ನೆಡುತ್ತಿದ್ದ, ಅವಳು ಒಂದೊಂದೇ ಮಾತು ನೆಡುತ್ತಿದ್ದಳು.

"ನಮ್ಮಣ್ಣನ ಮದುವೇಲಿ ಪಾಯಸ ತೆಳ್ಳಗಿದೆ ಅಂತ ಅಡಿಗೆಯವನ ಮೇಲೆ ಕೂಗಾಡಿದ್ರಲ್ಲ, ಅದು ಪಾಯಸ ಅಲ್ಲ, ರಸಂ. ಇಡೀ ಊರಿಗೆ ಗೊತ್ತು... ಹೋದ ವರ್ಷ ಹಿಪ್ಪಲಿ ಕೊಳೆತಿದ್ದು ನನ್ನ ಮಣ್ಣಿಂದಲ್ಲ, ನೀವು ದಿನಕ್ಕೆ ಮೂರು ಸಲ ನೀರು ಹೊಯ್ದಿದ್ದಕ್ಕೆ... ಇನ್ನೊಂದು. ಹಳೇ ರೇಡಿಯೋ ಕಳೆದೋಗಿಲ್ಲ. ನಾನೇ ಗುಜರಿಗೆ ಹಾಕ್ದೆ."

ರೇಡಿಯೋ ಎಂದಾಗ ಕೆಂಪರಾಜ್‌ನ ಕೈ ಒಂದು ಕ್ಷಣ ನಿಂತಿತು. ಸೊಣ್ಣಮ್ಮ ಗೋಣಿಯ ಅಂಚು ಹಿಡಿದು ಎದ್ದಳು. ಅವನು ಅವಳ ಮುಖ ನೋಡಿದ, ಉಳಿದ ಹನ್ನೊಂದು ಕಡ್ಡಿ ನೋಡಿದ, ಬಾಯಲ್ಲಿದ್ದ ಎಲೆಯನ್ನು ಇನ್ನೊಂದು ಸಲ ಜಗಿದ. ಹನ್ನೊಂದನ್ನೂ ನೆಟ್ಟ. ನೀರು ಚಿಮುಕಿಸಿ, ಗೂಡು ಮುಚ್ಚಿ, ಅಂಚಿಗೆ ಕಲ್ಲು ಹೇರಿದ ಮೇಲೆ ಆಕಾಶಕ್ಕೆ ಮುಖ ಮಾಡಿ ಒಂದೇ ಸಲಕ್ಕೆ ಬಿಟ್ಟ:

"ಯಾವ ಗುಜರಿಗೆ ಹಾಕ್ದ್ಯೇ!"

ಸೊಣ್ಣಮ್ಮ ಜೀವಮಾನದಲ್ಲಿ ಅಷ್ಟು ನಕ್ಕಿರಲಿಲ್ಲ.

ಗುರುವಾರ ಯಂತ್ರ ಈ ಕಡೆಯ ಏರಿಗೂ ಬಂತು. ಗಿಡ ಕಲ್ಲುಗಳ ಜೊತೆ ಹೋಯಿತು. ಸೊಣ್ಣಮ್ಮ ನೋಡಲು ಹೋಗಲಿಲ್ಲ. ಚಪ್ಪರಕ್ಕೆ ಬಂದು ಪ್ಲಾಸ್ಟಿಕ್ ಗೂಡಿನ ಎದುರು ಕುಕ್ಕರಗಾಲಲ್ಲಿ ಕೂತಳು, ಜ್ಯೋತಿಲಕ್ಷ್ಮಿ ಕೊಟ್ಟ ಕಾಫಿ ಆರುವವರೆಗೂ ಕೂತೇ ಇದ್ದಳು. ಇನ್ನು ಇದ್ದದ್ದು ಈ ಮೂವತ್ತೇ.

ಕಿತ್ತು ನೋಡುವ ಚಪಲ ಕೆಂಪರಾಜ್‌ನನ್ನು ದಿನವೂ ಕಾಡಿತು. "ಮುಟ್ಟಿದ್ರೆ ನೋಡಿ" ಎಂದು ಜ್ಯೋತಿಲಕ್ಷ್ಮಿ ಮಣ್ಣು ಕಲಸುವ ಸಲಿಕೆ ತೋರಿಸುತ್ತಿದ್ದಳು. ಎಲೆಗಳು ಕೆಲವು ಉದುರಿದವು, ಕೆಲವು ಹಳದಿಯಾದವು. ಇಪ್ಪತ್ತೆಂಟನೇ ದಿನ ಒಂದು ಕಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದ. ಕಡ್ಡಿ ಬರಲಿಲ್ಲ, ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗಿತ್ತು. ಚೀಲ ಎತ್ತಿ ನೋಡಿದರೆ ನೀರು ಬಸಿಯುವ ತೂತಿನಲ್ಲಿ ದಾರದಂಥ ಬಿಳಿ ಬೇರು. ಅವನು ಕೂಗಲಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು ಬರಿಗಾಲಲ್ಲೇ ಸೊಣ್ಣಮ್ಮನ ಮನೆಗೆ ನಡೆದ.

ಮೂವತ್ತರಲ್ಲಿ ಇಪ್ಪತ್ತೊಂದು ಬದುಕಿದವು. ಸೊಣ್ಣಮ್ಮ ಹಿತ್ತಲಲ್ಲಿ, ಬಾವಿ ಕಟ್ಟೆಯ ಹಿಂದೆ, ಅನುಗೊಂಡನಹಳ್ಳಿಯ ತಂಗಿ ಮನೆಯಲ್ಲಿ ಹಂಚಿ ನೆಟ್ಟಳು. "ಒಂದು ಏರೀನೇ ನಂಬಿ ಕೂತಿದ್ದೆ, ಇನ್ನು ಹಂಗೆ ಕೂರಲ್ಲ" ಎಂದಳು. ಒಂದು ಚೀಲವನ್ನು ಕೆಂಪರಾಜ್‌ನ ಚಪ್ಪರದಲ್ಲೇ ಬಿಟ್ಟಳು. ಮಾರುವಂತಿಲ್ಲ, ಹೇಳುವಂತಿಲ್ಲ.

ಅದು ಈಗ ಮೊಣಕಾಲುದ್ದ ಬೆಳೆದು, ಆಡುಸೋಗೆಯ ಸಾಲಿನ ಕೊನೆಯಲ್ಲಿ, ಚೀಟಿ ಇಲ್ಲದೆ ನಿಂತಿದೆ. ಬಂದವರು ಎಲ್ಲ ಬಿಟ್ಟು ಅದನ್ನೇ ತೋರಿಸಿ ಇದ್ಯಾವ ಗಿಡ ಎನ್ನುತ್ತಾರೆ. ಕೆಂಪರಾಜ್ ತುಟಿ ಬಿಗಿದು ಆ ಕಡೆ ಈ ಕಡೆ ನೋಡುತ್ತಾನೆ. ಅವನ ಬಾಯಿ ಮುಚ್ಚಿಸುವ ಈ ಉಪಾಯ ಜ್ಯೋತಿಲಕ್ಷ್ಮಿಗೆ ಬೇಗ ಸಿಕ್ಕಿತು. ಗಂಡ ಪೈಪಿಗೋ ಕೋಳಿಗೋ ಗುಲಾಬಿ ಕೇಳಿದವರಿಗೋ ದನಿ ಏರಿಸಿದ ಕೂಡಲೇ ಅವಳು ಮಣ್ಣಿನ ಕೈ ಒರೆಸಿಕೊಳ್ಳುತ್ತ ಬಂದು, ತೀರ ಅಮಾಯಕಳ ಹಾಗೆ ಕೇಳುತ್ತಾಳೆ:

"ರೀ, ಅದರ ಹೆಸರೇನಂದ್ರಿ?"

ಚಪ್ಪರ ತಣ್ಣಗಾಗುತ್ತದೆ.