ಖೊಟ್ಲಾಕ್ಕೆ ಬಂದ ಮೂವತ್ತು ವರ್ಷ

ಖೊಟ್ಲಾಕ್ಕೆ ಹೋಗುವ ದಿನ ಸೆಯಿಪೋನೆ ಎಂದಿನಂತೆ ಪ್ಯಾಂಟು ತೊಡಲಿಲ್ಲ. ನೀಲಿ ಲಂಗ ತೊಟ್ಟಳು, ತಲೆಗೆ ವಸ್ತ್ರ ಕಟ್ಟಿದಳು, ಹೆಗಲಿಗೆ ಶಾಲು ಹೊದ್ದಳು. ಊರು ಸೇರಿ ಮಾತಾಡುವ ಆ ಅಂಗಳಕ್ಕೆ ಹೆಂಗಸರು ಬೇರೆ ಹೇಗೂ ಹೋಗುವಂತಿಲ್ಲ. ಕೂರುವ ಕುರ್ಚಿಯನ್ನೂ ಮನೆಯಿಂದಲೇ ಒಯ್ಯಬೇಕು. ಅದು ಒಂದು ಕಂಕುಳಲ್ಲಿ. ಇನ್ನೊಂದರಲ್ಲಿ ವಿಶ್ವವಿದ್ಯಾಲಯದ ಮುಂದಿನ ಮೂವತ್ತು ವರ್ಷ, ಹೊಳೆಯುವ ರಟ್ಟು ಹಾಕಿ ಅಚ್ಚು ಮಾಡಿಸಿದ ಪುಸ್ತಕಗಳ ಕಟ್ಟು.

ಅವಳು ಮೊಸೆತ್ಲೆಂಗ್ ಊರಿನವಳೇ. ಅಪ್ಪ ಗಡಿಯಾಚೆಯ ಚಿನ್ನದ ಗಣಿಗೆ ಹೋದವನು ಮರಳಲಿಲ್ಲ. ಅವ್ವ ಬೇಗ ತೀರಿಕೊಂಡಳು. ಸಾಕಿದ್ದು ಸೋದರಮಾವ ಮೊತ್ಸುಮಿ. ಅವನ ದನಗಳ ಹಿಂದೆ ಪಡುವಣ ಬಯಲಲ್ಲಿ ಅಲೆದು ಅಷ್ಟೊಂದು ಬಿಸಿಲು ಉಂಡವಳು ಮುಂದೆ ಬಿಸಿಲನ್ನೇ ಓದಿದಳು. ಅದನ್ನು ವಿದ್ಯುತ್ತಾಗಿಸುವುದನ್ನು ಕಲಿತಳು. ಊರಂಚಿನಲ್ಲಿ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ ಎದ್ದಾಗ ಪಾಠ ಹೇಳಲು ಹಿಂತಿರುಗಿದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ “ಪುರಸೊತ್ತಾಗ್ಲಿಲ್ಲ” ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ.

ವಿಶ್ವವಿದ್ಯಾಲಯದ ದೂರದ ಗುರಿಯನ್ನು ಬರೆಯುವ ಕೆಲಸ ಅವಳ ಹೆಗಲಿಗೆ ಬಿದ್ದಿತ್ತು. ದೇಶದ ನೆಲದಡಿಯ ವಜ್ರ ಎಂದಾದರೂ ತೀರಲೇಬೇಕು. ಆ ದಿನ ಮಕ್ಕಳು ಯಾವುದನ್ನು ನಂಬಿ ಬದುಕಬೇಕು? ಬಿಸಿಲನ್ನು ನಂಬಿ ಎಂದು ಅವಳು ಬರೆದಳು. ಪಡುವಣ ಬಯಲಲ್ಲಿ ಸೌರಫಲಕಗಳ ದೊಡ್ಡ ಪ್ರಯೋಗಭೂಮಿ ಎದ್ದರೆ ಉಳಿದದ್ದೆಲ್ಲ ಅದರ ಸುತ್ತ ಬೆಳೆಯುತ್ತದೆ. ಬಯಲು ಸಿಗದಿದ್ದರೆ ಪುಸ್ತಕ ಬರೀ ಪುಸ್ತಕ. ಕಾಗದದ ಮೇಲೆ ಆ ನೆಲ ಭೂಮಂಡಳಿಯದು. ಆದರೆ ಖೊಟ್ಲಾ ಒಲ್ಲೆ ಎಂದ ನೆಲಕ್ಕೆ ಮಂಡಳಿ ಸಹಿ ಹಾಕಿದ್ದನ್ನು ಯಾರೂ ಕಂಡಿಲ್ಲ.

ಪುಸ್ತಕ ಹಂಚಿದಳು. ಚಿತ್ರ ತೋರಿಸಿ ಅರ್ಧ ಗಂಟೆ ಮಾತಾಡಿದಳು. ಕಂಬಗಳ ಅರ್ಧಚಂದ್ರದ ಆವರಣದಲ್ಲಿ ಕೂತವರು ಪುಟ ತಿರುವಿದರು. ಊರೊಡೆಯ ಖೋಸಿ ಎಲ್ಲರಿಗಿಂತ ಕೊನೆಗೆ ಮಾತಾಡುವವರು. ಮೊದಲು ಎದ್ದವನು ಮೊತ್ಸುಮಿಯೇ.

“ಖೋಸಿ, ನನ್ನ ಸೊಸೆ ಚೆನ್ನಾಗಿ ಅಡುಗೆ ಮಾಡಿದಾಳೆ. ಉಪ್ಪು ಹಾಕಿದಾಳೆ, ಬೇಯಿಸಿದಾಳೆ, ತಟ್ಟೆಗೂ ಬಡಿಸಿದಾಳೆ. ಈಗ ನಮ್ಮನ್ನ ಕರೆದು ಒಲೆ ಹಚ್ಚೋದಾ ಬೇಡ್ವಾ ಅಂತ ಕೇಳ್ತಿದಾಳೆ.”

ನಗು ಎದ್ದಿತು.

“ಮಾವ, ಇದು ಬರೀ ಯೋಜನೆ. ಇನ್ನೂ ಏನೂ ತೀರ್ಮಾನ ಆಗಿಲ್ಲ.”

“ಆಗಿಲ್ವಾ? ಚಿತ್ರದಲ್ಲಿ ನನ್ನ ದನ ನೀರು ಕುಡಿಯೋ ಜಾಗದ ಮೇಲೆ ಫಲಕದ ನೀಲಿ ಬಣ್ಣ ಬಳಿದುಬಿಟ್ಟಿದ್ದೀಯಲ್ಲ ತಾಯಿ!”

ಊರಿನ ಹಿರಿಯಳು ಸೆಗಾಮೆತ್ಸಿ ಅಜ್ಜಿ ಪುಸ್ತಕವನ್ನು ಮುಚ್ಚಿ ಬೀಸಣಿಗೆ ಮಾಡಿಕೊಂಡಳು. “ಕಾಗದ ಮಾತ್ರ ಒಳ್ಳೇದು ಹಾಕ್ಸಿದಾರೆ” ಎಂದಳು. ಖೋಸಿ ಸಭೆ ಮುಗಿಸುತ್ತ ಒಂದೇ ಮಾತು ಹೇಳಿದರು: “ಈ ಮಾತು ಇಲ್ಲಿಗೆ ಹಸಿಯಾಗಿ ಬರಬೇಕಿತ್ತು.”

ಅವಳಿಗೆ ನಾಚಿಕೆಯಾದದ್ದು ಸೋತದ್ದಕ್ಕಲ್ಲ. ಖೊಟ್ಲಾಕ್ಕೆ ತೀರ್ಮಾನ ಹೊತ್ತು ಹೋಗಬಾರದು, ಪ್ರಶ್ನೆ ಹೊತ್ತು ಹೋಗಬೇಕು. ಇದನ್ನು ಅವಳು ಓದು ಬರಹಕ್ಕೂ ಮೊದಲು ಕಲಿತಿದ್ದಳು. ಹೊರಗಿನವರು ತಪ್ಪಿದರೆ ಗೊತ್ತಿಲ್ಲದವರೆಂದು ಬಿಟ್ಟಾರು. ಅವಳನ್ನು ಯಾರು ಬಿಡುತ್ತಾರೆ?

ಮರುದಿನ ಕುಲಪತಿ ಮೊಲೆಫೆ ಕರೆಸಿದರು. “ರಾಜಧಾನಿ ಹತ್ರ ಸರ್ಕಾರಿ ಜಾಗ ಕೊಡೋಕೆ ರೆಡಿ ಇದಾರೆ ಸೆಯಿಪೋನೆ. ಬೇಲಿನೂ ಹಾಕಿದೆ. ಪ್ರಯೋಗಭೂಮಿ ಅಲ್ಲೇ ಮಾಡಿಬಿಡೋಣ್ವಾ?”

“ಅಲ್ಲಿ ಮಾಡಿದ್ರೆ ವಿದ್ಯಾರ್ಥಿಗಳೂ ಅಲ್ಲಿಗೇ ಹೋಗ್ತಾರೆ ಸರ್. ಇಲ್ಲಿ ಕಟ್ಟಡ ಮಾತ್ರ ಉಳಿಯತ್ತೆ.”

“ನಿಮ್ಮೋರು ಒಪ್ಪಲಿಲ್ವಲ್ಲ?”

“ನಾನು ಕೇಳ್ಲೇ ಇಲ್ಲ ಸರ್. ಹೇಳಿ ಬಂದೆ. ಇನ್ನೊಂದು ಸಲ ಹೋಗ್ತೀನಿ.”

“ಇದೇ ಕೊನೆ ಸಲ. ಆಮೇಲೆ ನಾನು ಕಾಯೋಕಾಗಲ್ಲ.”

ಎರಡನೆಯ ಸಲ ಕುರ್ಚಿ ಒಂದನ್ನೇ ಒಯ್ದಳು. ಎದ್ದು ನಿಂತು, ಮೊದಲು ಹಿಂದಿನ ಸಲದ್ದಕ್ಕೆ ಕ್ಷಮೆ ಕೇಳಿದಳು. ಆಮೇಲೆ ಕೇಳಿದ್ದು ಇಷ್ಟೇ: “ನಿಮ್ಮ ಮೊಮ್ಮಕ್ಕಳಿಗೆ ನನ್ನಷ್ಟು ವಯಸ್ಸಾದಾಗ ಇಲ್ಲಿ ಏನಿರಬೇಕು?” ಹೇಳಿ ಕೂತುಬಿಟ್ಟಳು.

ಮೊದಲು ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಆಮೇಲೆ ನಿಲ್ಲಿಸುವವರೇ ಇಲ್ಲದಾಯಿತು. ನೀರಿರಬೇಕು ಎಂದರು. ಕೆಟ್ಟ ಪಂಪು ರಿಪೇರಿ ಮಾಡಲು ಪಟ್ಟಣದಿಂದ ಜನ ಬರುವುದನ್ನು ಕಾಯಬಾರದು ಎಂದರು. ಹುಡುಗಿಯರು ಓದಿ ಊರಲ್ಲೇ ಕೆಲಸ ಮಾಡುವಂತಿರಬೇಕು ಎಂದು ಒಬ್ಬಳು ಅಂದಾಗ ಹಿಂದಿನಿಂದ ಯಾರೋ “ಹುಡುಗರು?” ಎಂದ. “ಅವರು ಈಗ್ಲೂ ಊರಲ್ಲೇ ಇದಾರಲ್ಲ, ಕೆಲಸ ಮಾಡಲ್ಲ ಅಷ್ಟೇ” ಎಂದು ಉತ್ತರ ಬಂತು. ಮಧ್ಯಾಹ್ನ ದೊಡ್ಡ ಪಾತ್ರೆಗಳಲ್ಲಿ ಜೋಳದ ಗಂಜಿ, ಕುಟ್ಟಿದ ಮಾಂಸ ಬಂತು. ಉಂಡು ಮತ್ತೆ ಕೂತರು.

ಸೆಗಾಮೆತ್ಸಿ ಅಜ್ಜಿ ಕೂತಲ್ಲಿಂದಲೇ ಕೇಳಿದಳು. “ಎಲ್ಲಾ ಸರಿ ಮಗಾ. ಕೊಟ್ಟ ನೆಲ ಹೋಯ್ತು ಅಂತಲೇ ತಾನೆ ಅರ್ಥ?”

ಸೆಯಿಪೋನೆ ಎದ್ದಳು. ಹೌದು ಎಂದರೆ ಬಯಲು ಕೈತಪ್ಪಿತು. ಇಲ್ಲ ಎಂದರೆ ಸುಳ್ಳಾಯಿತು. ಇದ್ದವರು ಇಲ್ಲದವರ ಕೈಗೆ ಹಸುವನ್ನು ಪಾಲಿಗೆ ಸಾಕಲು ಕೊಡುವ ರೂಢಿ ಅಲ್ಲಿ ಹಿಂದಿನಿಂದಲೂ ಇದೆ. ಮಾಫಿಸಾ ಎನ್ನುತ್ತಾರೆ. ಹಾಲು ಸಾಕಿದವರದು, ಕರುಗಳಲ್ಲಿ ಇಬ್ಬರಿಗೂ ಪಾಲುಂಟು. ಹಸು ಮಾತ್ರ ಎಂದೆಂದಿಗೂ ಕೊಟ್ಟವರದೇ.

“ಕೊಡಬೇಡಿ ಅಜ್ಜಿ” ಎಂದಳು. “ಮಾಫಿಸಾಕ್ಕೆ ಬಿಡಿ. ಬಯಲು ಊರಿನದ್ದೇ ಇರಲಿ. ವಿಶ್ವವಿದ್ಯಾಲಯ ಸಾಕಲಿ.”

“ಪ್ರೊಫೆಸರುಗಳು ದನ ಕಾಯ್ತಾರಂತೆ!” ಎಂದು ಒಬ್ಬ ಕೂಗಿದ. ಅಂಗಳವೆಲ್ಲ ನಕ್ಕಿತು. ಮೊತ್ಸುಮಿ ನಗಲಿಲ್ಲ.

“ಹಾಲು ಅವರು ಕುಡೀತಾರೆ. ನಮ್ಮ ಕರು ಯಾವ್ದು? ಅದನ್ನ ಹೇಳು.”

“ನಮ್ಮ ಕೊಳವೆಬಾವಿಗಳಿಗೆಲ್ಲ ಆ ಬಯಲಿನ ಕರೆಂಟು. ಪಂಪು, ಫಲಕ ರಿಪೇರಿ ಕಲಿಸೋ ಒಂದು ಶಾಲೆ, ಊರೊಳಗೆ.”

“ನಮ್ಮ ಮಕ್ಕಳಿಗೆ ಸೀಟು?”

“ಅದು ನನ್ನ ಕೈಲಿಲ್ಲ ಮಾವ. ಕೈಲಿಲ್ಲದ್ದನ್ನ ಕೊಡ್ತೀನಿ ಅನ್ನಲ್ಲ.”

“ಫಲಕದಡಿ ನಮ್ಮ ಮೇಕೆಗಳು ಮೇಯಬಹುದೋ ಇಲ್ವೋ?”

“ಎತ್ತರಕ್ಕೆ ನಿಲ್ಲಿಸಿದ್ರೆ ಮೇಯಬಹುದು. ಖರ್ಚು ಜಾಸ್ತಿ. ನಮ್ಮ ಸಭೇಲಿ ಜಗಳ ಆಡಬೇಕಾಗತ್ತೆ.”

“ಆಡು. ಚಿಕ್ಕಂದಿನಿಂದ ನನ್ನ ಜತೆ ಆಡಿದ್ದೀಯ, ಅಭ್ಯಾಸ ಇದೆ” ಎಂದು ಮೊತ್ಸುಮಿ ಕೂತ.

ಖೋಸಿ ಎಲ್ಲರ ಮಾತನ್ನೂ ಒಂದೊಂದಾಗಿ ನೆನೆದು ಹೇಳಿದರು, ನಗೆಯಾಡಿದವನ ಮಾತನ್ನೂ ಬಿಡಲಿಲ್ಲ. ಆಮೇಲೆ ಅಂದರು: “ಬಯಲು ಮಾಫಿಸಾಕ್ಕೆ ಹೋಗಲಿ. ಪ್ರತಿ ಚಳಿಗಾಲ ಸಾಕುವವರು ಇಲ್ಲಿಗೆ ಬಂದು ಹಸು ಹೇಗಿದೆ ಅಂತ ಹೇಳಬೇಕು. ಸೊರಗಿದ್ರೆ ಹಿಂದಕ್ಕೆ ಕರೀತೀವಿ.” ಜನ “ಪುಲಾ!” ಎಂದು ಕೂಗಿದರು. ಮಳೆ ಬರಲಿ ಎಂಬ ಆ ಕೂಗಿನಲ್ಲೇ ಆ ದೇಶದವರು ಹೂಂ ಅನ್ನುವುದು.

ವಿಶ್ವವಿದ್ಯಾಲಯದ ಸಭೆಯಲ್ಲಿ ಅದನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು. ವಿಜ್ಞಾನದ ಸಂಸ್ಥೆಯ ಗುರಿಯ ಮೊದಲ ಪುಟದಲ್ಲಿ ಹಸುವೇ ಎಂದು ಒಬ್ಬರು ಕೇಳಿದರು. ಎತ್ತರದ ಕಂಬದ ಖರ್ಚು ಕಂಡು ಇನ್ನೊಬ್ಬರು ಅಡ್ಡಡ್ಡ ತಲೆಯಾಡಿಸಿದರು. ಊರು ಹಿಂದಕ್ಕೆ ಕರೆದರೆ ಗತಿಯೇನು ಎಂದರು. “ಕರೆಯದ ಹಾಗೆ ನಡ್ಕೊಳ್ಳೋದೇ ನಮ್ಮ ಮೂವತ್ತು ವರ್ಷದ ಕೆಲಸ” ಎಂದಳು ಸೆಯಿಪೋನೆ. ಅರ್ಧದಷ್ಟು ಕಂಬಗಳಿಗೆ ಎತ್ತರ ಸಿಕ್ಕಿತು. ಉಳಿದದ್ದಕ್ಕೆ ಮುಂದಿನ ವರ್ಷ ಮತ್ತೆ ಜಗಳ. ಕುಲಪತಿ ಮಾತ್ರ, “ಚಳಿಗಾಲದಲ್ಲಿ ಖೊಟ್ಲಾಕ್ಕೆ ನಾನೂ ಬರಬೇಕಾ? ಕುರ್ಚಿ ಎಲ್ಲಿ ಸಿಗತ್ತೆ?” ಎಂದು ಮೆಲ್ಲಗೆ ಕೇಳಿದರು.

ಮೊದಲ ಗೂಟ ಹೊಡೆಯುವ ಬೆಳಿಗ್ಗೆ ಮೊತ್ಸುಮಿ ಕರೆಯದೆಯೇ ಬಂದ. ವಿದ್ಯಾರ್ಥಿನಿಯರು ಅಳತೆಯ ಹಗ್ಗ ಹಿಡಿದಿದ್ದರು. ಒಂದಿಷ್ಟು ಹೊತ್ತು ನೋಡಿ, “ಈ ಗೂಟ ಆ ಕಡೆ ಹಾಕಿ. ದನ ಇಲ್ಲೇ ತಿರುಗೋದು” ಎಂದ.

ಸೆಯಿಪೋನೆ ಹಾಕಿಸಿದಳು.

“ಅದನ್ನೂ ಆ ಕಡೆ.”

“ಅದು ಆಗಲ್ಲ ಮಾವ. ಮರದ ನೆರಳು ಬೀಳತ್ತೆ.”

“ಮರ ಕಡಿಯೋದು ತಾನೆ?”

“ಮರ ಕಡಿದ್ರೆ ನೀವು ಎಲ್ಲಿ ಕೂತು ನನ್ನ ಬೈತೀರಿ?”

ಮೊತ್ಸುಮಿ ಮರದತ್ತ ನೋಡಿದ, ಹಗ್ಗದತ್ತ ನೋಡಿದ. ಆಮೇಲೆ ಕೋಲನ್ನು ಕೆಳಗಿಟ್ಟು, ಹಗ್ಗದ ಇನ್ನೊಂದು ತುದಿಯನ್ನು ತಾನೇ ಹಿಡಿದು, ಬಿಗಿಯಾಗಿ ಎಳೆದ.